ಹುಲಿಗೆಮ್ಮನ ಹೆಸರಿನಲ್ಲಿ ನಡೆಯುತ್ತಿರುವ ಪಟ್ಟಿ

ಮಸ್ಕಿ ಸೀಮೆ, ಫೆಬ್ರವರಿ 30, 2147

ಮುತ್ತಜ್ಜಿ ಹುಲಿಗೆಮ್ಮನಿಗೆ, ಜೈಭೀಮ್.

ತಾರೀಕು ನೋಡಿ ಗಾಬರಿಯಾಗಬೇಡ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ತಿಂಗಳುಗಳಿಗೆ ಸಿಕ್ಕ ಸಮಾನತೆ ಮನುಷ್ಯರಿಗೆ ಸಿಕ್ಕಿಲ್ಲ, ಅದನ್ನು ಹೇಳಲಿಕ್ಕೇ ಈ ಪತ್ರ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ತಾಳಿಕೋ. ನೂರಾ ಹದಿನೆಂಟು ವರ್ಷಗಳಲ್ಲಿ ಎಷ್ಟೋ ಪದ ಸವೆದುಹೋಗಿವೆ. ನಾನು ಯಶೋಧರೆ, ನಿನ್ನ ಮೊಮ್ಮಗಳ ಮಗಳು. ನೀನು ಯಾರಿಗೂ ಬಗ್ಗದವಳು ಎಂದು ಕೇಳುತ್ತಲೇ ಬೆಳೆದವಳು. ಮೊನ್ನೆ ನಿನ್ನ ಹೆಸರನ್ನು ಒಂದು ಕಚೇರಿಯಲ್ಲಿ ಕೇಳಿದೆ.

ನಮ್ಮೂರಿನ ಕೈಬಿಟ್ಟ ಚಿನ್ನದ ಗಣಿಯೊಳಗೆ ಈಗ ಸಾವಿರಾರು ಯಂತ್ರಗಳು ಒಂದಕ್ಕೊಂದು ಹೆಣೆದುಕೊಂಡು ಕೂತಿವೆ. ನೀವು ಕ್ಲಸ್ಟರ್ ಅನ್ನುತ್ತಿದ್ದಿರಿ, ನಾವು ಗೂಡು ಅನ್ನುತ್ತೇವೆ. ಅಕ್ಕಿ, ಔಷಧ, ಶಾಲೆ, ಎಲ್ಲದರ ಲೆಕ್ಕ ಅದರದ್ದೇ. ಅದರ ಬಾಗಿಲಲ್ಲಿ ದಿನಾ ಚೀಟಿ ಪಡೆಯಬೇಕು; ಚೀಟಿಯ ಆಯುಷ್ಯ ಒಂದೇ ದಿನ. ಆರು ದಿನ ಮನೆಯಿಂದಲೇ ಹೊಸದು ಮಾಡಿಸಬಹುದು, ಏಳನೆಯ ದಿನ ಮಾತ್ರ ಖುದ್ದಾಗಿ ಹೋಗಿ ಅಂಗೈ ಒತ್ತಿ 'ನಾನು ನಾನೇ' ಎಂದು ತೋರಿಸಬೇಕು. ಹೋದ ತಿಂಗಳು ಜ್ವರ ಬಂದು ಮಲಗಿದ್ದೆ, ಏಳನೆಯ ದಿನ ತಪ್ಪಿತು. ನಾನು ಬದುಕಿದ್ದೇನೆಂದು ಸಾಬೀತು ಮಾಡಲು ಮೂರು ವಾರ ಹಿಡಿಯಿತು. ಅಷ್ಟು ದಿನ ಪಕ್ಕದ ಮನೆಯವರ ಅನ್ನ ತಿಂದೆ. ಕಳ್ಳರು ನುಗ್ಗಬಾರದೆಂದು ಈ ಬಿಗಿ ಅಂತೆ. ಇರಲಿ ಬಿಡು, ಬಿಗಿ ಎಲ್ಲರಿಗೂ ಒಂದೇ ಇದ್ದಿದ್ದರೆ ನಾನೂ ಒಪ್ಪುತ್ತಿದ್ದೆ.

ಯಂತ್ರಗಳನ್ನು ತಣ್ಣಗಿಡುವ ನೀರು ಗಣಿಯ ತಳದಲ್ಲಿ ನಿಂತು ಕೊಳೆಯುತ್ತದೆ. ಆ ಗುಂಡಿಗೆ ತಗ್ಗು ಎನ್ನುತ್ತಾರೆ. ಅದರೊಳಗೆ ಲೋಳೆ, ಅದರ ಮೇಲೆ ವಿಷಗಾಳಿ. ಯಂತ್ರ ಇಳಿಸಿದರೆ ಯಂತ್ರ ಕೆಡುತ್ತದಂತೆ. ಅದಕ್ಕೇ ಮನುಷ್ಯರನ್ನು ಇಳಿಸುತ್ತಾರೆ. ಯಾವ ಮನುಷ್ಯರನ್ನು? ಒಂದು ಪಟ್ಟಿ ಇದೆ, ಅದರಲ್ಲಿರುವವರನ್ನು. ಪಟ್ಟಿಯ ತಲೆಬರಹ 'ಅನುಭವಸ್ಥ ಕುಟುಂಬಗಳು'. ವರ್ಷಾ ವರ್ಷಾ ಜನನ ನೋಂದಣಿ ಓದಿ ಹೊಸ ಹೆಸರು ಸೇರಿಸುವ ದುಡಿತವೊಂದು ಗೂಡಿನಲ್ಲಿ ನಡೆಯುತ್ತಲೇ ಇರುತ್ತದೆ. ದುಡಿತ ಎಂದರೆ ಯಾರೂ ಕೂತು ನೋಡದಿದ್ದರೂ ತನ್ನಷ್ಟಕ್ಕೆ ಸಾಗುವ ಲೆಕ್ಕ. ಈ ಸಲ ಅದರಲ್ಲಿ ನನ್ನ ಮಗಳು ಮೈತ್ರಿಯ ಹೆಸರು ಬಂದಿದೆ. ಹತ್ತೊಂಬತ್ತು ವರ್ಷ. ಸೋಮವಾರ ಎಂಟು ಗಂಟೆಗೆ ಅವಳ ಪಾಳಿ.

ನಾವಿಬ್ಬರೂ ಗೂಡಿನ ಕಚೇರಿಗೆ ಹೋದೆವು. ಗುಮಾಸ್ತ ಅಮರೇಗೌಡ ಸಭ್ಯ ಮನುಷ್ಯ, ಕುರ್ಚಿ ಕೊಟ್ಟ.

"ಈ ದುಡಿತ ಯಾರ ಹೆಸರಿನಾಗ ನಡ್ಯಾಕತ್ತೈತ್ರಿ?" ಎಂದೆ.

"ಹುಲಿಗೆಮ್ಮ ಅಂತ ಐತಿ ನೋಡ್ರಿ. ನಿಲ್ಲಿಸಬೇಕಂದ್ರ ಅವರೇ ಬರಬೇಕು. ಬ್ಯಾರೆಯವರು ಮುಟ್ಟಂಗಿಲ್ಲ."

"ಆಕಿ ನಮ್ಮ ಮುತ್ತಜ್ಜಿ. ಸತ್ತು ತೊಂಬತ್ತು ವರ್ಷ ಆತು."

"ಹಂಗ ಹೆಂಗ ಅಂತೀರಿ ಯಕ್ಕಾ? ಇವತ್ತು ಮುಂಜಾನಿ ಆರಕ್ಕ ಚೀಟಿ ಮಾಡಿಸ್ಯಾರ. ಇಷ್ಟು ವರ್ಷದಾಗ ಒಂದು ದಿನ ತಪ್ಪಿಲ್ಲ. ತಪ್ಪಿಸಿದವರು ನೀವು."

"ಆಕೀಗೆ ಈಗ ನೂರಾ ನಲವತ್ತೊಂಬತ್ತು ವರ್ಷ ಆಗಬೇಕಲ್ರಿ."

"ವಯಸ್ಸು ಕೇಳೂದು ನಮ್ಮ ಕೆಲಸ ಅಲ್ಲ. ಅಂಗೈ ಬದಲಿ ಇಟ್ಟ ಕೀಲಿ ಸರಿ ಐತಿ. ಅಷ್ಟ."

ಮೈತ್ರಿ ಎದ್ದು ನಿಂತಳು. "ಬದುಕ್ಯಾಳಲ್ಲ, ಹಂಗಾದ್ರ ಆಕೀನೇ ಇಳೀಲಿ ತಗ್ಗಿಗೆ."

ಗೌಡ ನಕ್ಕ. ಅವನ ಮಗಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ, ನಗಬಹುದು.

ಆಮೇಲೆ ಮನೆಗೆ ಬಂದು ನಿನ್ನ ದಿನಚರಿ ತೆಗೆದೆ. ಮ್ಯಾನ್‌ಹೋಲಿಗೆ ಇಳಿದು ಸತ್ತವರ, ಇಳಿಯುತ್ತಿರುವವರ ಮನೆಗಳನ್ನು ಗುರುತಿಸಿ, ಅವರಿಗೆ ಬೇರೆ ಕೆಲಸ, ಭೂಮಿ ಕೊಡಿಸಬೇಕೆಂದು ನೀನು ಹಟ ಹಿಡಿದು ಕಟ್ಟಿದ ಸಮೀಕ್ಷೆಯೇ ಈ ದುಡಿತ. ಒಬ್ಬರೂ ಇನ್ನು ಇಳಿಯಬಾರದೆಂದು ಮಾಡಿದ ಪಟ್ಟಿ. ಆಗಲೂ ಬಾಗಿಲಿನ ನಿಯಮ ಇದೇ; ಏಳನೆಯ ದಿನ ನೀನು ಧರಣಿಯಲ್ಲಿದ್ದರೆ ಚೀಟಿ ಮುಗಿದು ಲೆಕ್ಕ ನಿಲ್ಲುತ್ತಿತ್ತು. ಅಧಿಕಾರಿಗಳು ಅದನ್ನೇ ಕಾಯುತ್ತಿದ್ದರು. ಎರಡು ಸಲ ಬೇಕೆಂದೇ ನಿಲ್ಲಿಸಿದರು. ಮೂರನೆಯ ಸಲ ನೀನು ನಿನ್ನ ಕೀಲಿಯನ್ನೇ, ಅಂಗೈಯ ಬದಲು ಗೂಡು ಒಪ್ಪುವ ಗುಟ್ಟಿನ ಗುರುತನ್ನೇ, ದುಡಿತದ ಮಗ್ಗುಲಲ್ಲಿ ಇಟ್ಟೆ, ನೀನು ಬಾರದಿದ್ದರೂ ಅದು ನಿನ್ನ ಹೆಸರಿನಲ್ಲಿ ಚೀಟಿ ತೆಗೆದುಕೊಳ್ಳಲಿ ಎಂದು. ಹೆಸರಿನವರ ಹೊರತು ಯಾರೂ ನಿಲ್ಲಿಸುವಂತಿಲ್ಲ ಎಂಬ ನಿಯಮವನ್ನೂ ಹೋರಾಡಿ ಬರೆಸಿದೆ. 'ಇನ್ನು ಇದನ್ನು ಯಾವ ಮಗನೂ ನಿಲ್ಲಿಸಲಾರ' ಎಂದು ಬರೆದಿದ್ದೀ. ಮಗಳೂ ನಿಲ್ಲಿಸಲಾರಳು, ಮುತ್ತಜ್ಜಿ. ಭೂಮಿ ಕೊಡುವ ಯೋಜನೆ ನಾಲ್ಕೇ ವರ್ಷದಲ್ಲಿ ಸತ್ತಿತು, ಪಟ್ಟಿ ಸಾಯಲಿಲ್ಲ. ನಿನ್ನ ಪಟ್ಟಿ ಕೈಗೆ ಸಿಕ್ಕವರು ತಲೆಬರಹದ ಒಂದು ಸಾಲು ಅಳಿಸಿ ಬೇರೆ ಸಾಲು ಬರೆದರು, ಅಷ್ಟೇ. ಬದುಕಿದವರನ್ನು ವಾರಕ್ಕೊಮ್ಮೆ ಅನುಮಾನಿಸುವ ಬಾಗಿಲು ಸತ್ತವಳನ್ನು ದಿನಾ ಒಳಗೆ ಬಿಟ್ಟುಕೊಳ್ಳುತ್ತಿದೆ. ಹುಟ್ಟಿನಿಂದ ಕೆಲಸ ಹೇರುವ ಹಳೆಯ ರೋಗಕ್ಕೆ ಈಗ ಶಾಸ್ತ್ರ ಬೇಕಿಲ್ಲ, ಪುರೋಹಿತ ಬೇಕಿಲ್ಲ. ನಮ್ಮವಳದೇ ಸಹಿ ಇದೆ.

ನಿನ್ನ ಮೇಲೆ ಕೆಟ್ಟ ಮನಸ್ಸು ಹೊರಿಸುತ್ತಿಲ್ಲ. ಆದರೆ ನಂಬಿಕೆ ಇದ್ದದ್ದು ನಿನ್ನ ಮೇಲೆ, ನಿನ್ನ ಕೀಲಿಯ ಮೇಲಲ್ಲ. ಈ ಪತ್ರ ಕಳಿಸುತ್ತಿರುವುದು ನೀನು ಕೀಲಿ ಇಡುವ ಹಿಂದಿನ ದಿನಕ್ಕೆ; ನಾಳೆ ನೀನು ಅದನ್ನು ಇಡಲು ಹೊರಡುತ್ತೀ ಎಂದು ದಿನಚರಿ ಹೇಳುತ್ತದೆ. ಇಡಬೇಡ. ಲೆಕ್ಕ ನಿಂತರೆ ನಿಲ್ಲಲಿ, ಮತ್ತೆ ಹೋಗಿ ಶುರು ಮಾಡು. ಕಾಲು ನೋಯುತ್ತದೆ, ಗೊತ್ತು. ಇಡಲೇಬೇಕೆಂದರೆ ಒಂದು ಕೊನೆಯ ತಾರೀಕು ಬರೆ, ನಿನ್ನ ನಂತರ ನಿಲ್ಲಿಸುವವರ ಹೆಸರು ಬರೆ.

ಈ ಪತ್ರ ನಿನಗೆ ಮುಟ್ಟಿದರೆ ಸೋಮವಾರ ಬರುವುದೇ ಇಲ್ಲ. ಮುಟ್ಟದಿದ್ದರೆ ನಾನು, ಮೈತ್ರಿ, ಪಟ್ಟಿಯಲ್ಲಿರುವ ಮುನ್ನೂರು ಮನೆಯವರು ಏಳೂವರೆಗೇ ತಗ್ಗಿನ ಬಾಯಿಗೆ ಅಡ್ಡ ಕೂರುತ್ತೇವೆ. ಆಜ್ಞೆ ಯಾರ ಹೆಸರಿನಲ್ಲಿ ಬಂದಿದೆಯೋ ಅವರಿಗೆ ಧಿಕ್ಕಾರ ಕೂಗುವುದು ನಮ್ಮ ಪದ್ಧತಿ, ನೀವೇ ಕಲಿಸಿದ್ದು. ಹುಲಿಗೆಮ್ಮನಿಗೆ ಧಿಕ್ಕಾರ ಎಂದು ಮೊದಲು ಕೂಗುವವಳು ನಾನೇ. ದನಿ ನಡುಗದಿರಲಿ ಎಂದು ಎರಡು ದಿನದಿಂದ ಅಭ್ಯಾಸ ಮಾಡುತ್ತಿದ್ದೇನೆ.