ಬಿಟ್ಟೆ ಅಂದ ಮಾತು

ಚನ್ನಗಿರಿ
೧೧-೨-೧೯೮೯

ಪ್ರೀತಿಯ ತಂಗಿ ಭೀಮಕ್ಕನಿಗೆ,

ನಿನ್ನ ಅಣ್ಣ ರೇವಣ್ಣನ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಎಂದು ಬರೆಯುವ ಮುಂಚೆ ನಿನ್ನ ಅತ್ತಿಗೆ ಸಾವಂತ್ರಮ್ಮನನ್ನು ಒಂದು ಮಾತು ಕೇಳಿದೆ. "ನಿಮ್ಮನ್ನ ಬಿಟ್ಟು ಉಳಿದೋರೆಲ್ಲ ಚೆನ್ನಾಗಿದೀವಿ ಅಂತ ಬರೀರಿ" ಅಂದಳು. ಅವಳು ಹೇಳಿದ ಹಾಗೇ ಬರೆದಿದ್ದೇನೆ.

ನಿನ್ನ ಕಾಗದ ಸಂಕ್ರಾಂತಿಗೆ ಮೊದಲೇ ಬಂತು. ಉತ್ತರ ಇಷ್ಟು ತಡವಾದದ್ದಕ್ಕೆ ಸಿಟ್ಟಾಗು, ಬೇಡ ಅನ್ನುವುದಿಲ್ಲ, ಆದರೆ ಪೂರ್ತಿ ಓದು. ಇನ್‌ಲ್ಯಾಂಡ್ ಲೆಟರು ತಂದು ಬರೆಯಲು ಕೂತಿದ್ದೆ. ಭತ್ತದ ರೇಟು, ಸೂಳೆಕೆರೆ ನೀರು, ಭಾವನವರಿಗೆ ನಮಸ್ಕಾರ ಇಷ್ಟು ಬರೆಯುವಷ್ಟರಲ್ಲಿ ಜಾಗ ಮುಗಿಯಿತು, ಮುಗಿದದ್ದು ನನಗೂ ಒಳ್ಳೆಯದೇ ಅನ್ನಿಸಿತು. ಈ ಸಲ ಹಾಳೆ, ಕವರು ತಂದಿದ್ದೇನೆ. ಭಾವ ದುರುಗಪ್ಪನವರಿಗೆ ನ್ಯಾಮತಿ ಸೊಸೈಟಿಯ ಕೆಲಸ ಒಗ್ಗಿತೆ? ದಿನಾ ಓಡಾಡುತ್ತಾರೋ, ಅಲ್ಲೇ ರೂಮು ಮಾಡಿದ್ದಾರೋ ಬರೆ.

ನೀನು ಬರೆದದ್ದು ನನಗೆ ಬಾಯಿಪಾಠ ಆಗಿದೆ. "ಸಾಯೋ ಅವ್ವಂಗೆ ಸುಳ್ಳು ಹೇಳಿ ಕಾಯ್ಸಿದ ಮನೆಗೆ ನನ್ನ ಮಗಳ್ನ ಕೊಡಾಕಿಲ್ಲ. ಜಗಳೂರಿಂದ ಇನ್ನೊಂದು ಸಂಬಂಧ ಬಂದೈತೆ, ಭಾರತ ಹುಣ್ಣಿಮೆ ಕಳೆದ ಮ್ಯಾಲೆ ನೋಡಾಕೆ ಬರ್ತಾರೆ. ನೀನು ಸೋದರಮಾವ, ತಿಪ್ಪೇಶಪ್ಪನ ಮನೆಗೆ ಹೋಗಿ ನಮ್ಮ ಕಡೆಯಿಂದ ಇಲ್ಲ ಅಂತ ಹೇಳಿ ಬಾ." ಪ್ರೇಮಾ ಸರಿಯಾಗಿ ಉಣ್ಣುತ್ತಿಲ್ಲ ಎಂಬುದನ್ನು ಮಾತ್ರ ಕೊನೆಗೆ, ಮಡಿಸುವ ಜಾಗದಲ್ಲಿ ಸಣ್ಣದಾಗಿ ಬರೆದಿದ್ದೀಯ. ಅದೂ ಓದಿದೆ.

ಹೇಳಲು ಹೋಗಿದ್ದೆ. ಅವನ ರೇಡಿಯೋ ಟಿವಿ ಅಂಗಡಿ ಬಸ್ ಸ್ಟ್ಯಾಂಡಿನ ಎದುರೇ ಅಲ್ಲವೆ, ಏರ್‌ಫೋರ್ಸಿನಿಂದ ರಿಟೈರಾಗಿ ಬಂದಾಗಿನಿಂದ ನನ್ನ ಹಗಲೆಲ್ಲ ಅಲ್ಲೇ ಕಳೆಯುತ್ತಿತ್ತು. ಅವ್ವನ ದಿನ ಆದಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ತಿಪ್ಪೇಶಪ್ಪ ಎದ್ದು ನಿಂತು, "ಬರ್ರಿ ರೇವಣ್ಣಾರೆ, ದಾರಿ ಮರ್ತೀರೇನೋ ಅನ್ಕಂಡಿದ್ದೆ" ಅಂದ. ಅವನ ಮಗ, ಪ್ರೇಮಾಳಿಗೆ ಅಂದುಕೊಂಡಿದ್ದ ಹುಡುಗ ಓಂಕಾರಪ್ಪ, ರಿಪೇರಿಗೆ ಬಿಚ್ಚಿದ್ದ ರೇಡಿಯೋ ಹಾಗೇ ಇಟ್ಟು ಕುರ್ಚಿ ಒರೆಸಿ ಕೊಟ್ಟ. ಟೀ ಕುಡಿದೆ. ಹೊಸ ಟಿವಿಗೆ ಎಷ್ಟು ಎಂದು ವಿಚಾರಿಸಿದೆ. ಏಳುವಾಗ ತಿಪ್ಪೇಶಪ್ಪನೇ, "ನಿಮ್ಮ ತಂಗಿಯೋರ ಬ್ಯಾಸರ ತಪ್ಪಲ್ಲ ಬಿಡ್ರಿ, ಹೆಂಗೆ ತಪ್ಪು ಅನ್ನಾಕೆ ಆಗತೈತೆ" ಅಂದ. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ನಾನೂ ನಿನ್ನ ಮಾತು ಹೇಳದೆ ವಾಪಸು ಬಂದೆ.

ಯಾಕೆ ಹೇಳಲಿಲ್ಲ ಅನ್ನುವುದಕ್ಕೇ ಈ ಕಾಗದ. ಸ್ವಲ್ಪ ಸುತ್ತಿ ಬರಬೇಕಾಗುತ್ತದೆ, ತಾಳಿಕೋ.

ಹೋದ ದಸರಾಕ್ಕೆ ತಿಪ್ಪೇಶಪ್ಪನ ತಮ್ಮ ಮಸ್ಕತ್ತಿನಿಂದ ಒಂದು ಕಂಪ್ಯೂಟರು ತಂದುಕೊಟ್ಟ. ಅದನ್ನು ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ, ಕಿವಿ ಹರಿಯುವ ಹಾಗೆ ಕಿರ್ರೆನ್ನಿಸಿದರೆ ಟಿವಿಯಲ್ಲಿ ಯುದ್ಧವಿಮಾನದ ಒಳಗು ಮೂಡುತ್ತದೆ. ಎದುರಿಗೆ ಗಾಜು, ಕೆಳಗೆ ವೇಗ ಎತ್ತರ ತೋರಿಸುವ ಮೀಟರುಗಳು, ದೂರದಲ್ಲಿ ಒಂದು ನದಿ, ಅದಕ್ಕೊಂದು ಸೇತುವೆ. ವಿಮಾನ ಓಡಿಸಿಕೊಂಡು ಹೋಗಿ ಸೇತುವೆಗೆ ಬಾಂಬು ಹಾಕಬೇಕು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬೀದಿಯವರೆಲ್ಲ ಒಂದೊಂದು ಕೈ ನೋಡಿದರು. ಒಬ್ಬನ ಬಾಂಬೂ ಸೇತುವೆಗೆ ಬೀಳಲಿಲ್ಲ, ಹೊಳೆಯ ಮೀನಿಗಷ್ಟೇ ನಷ್ಟ. ಆಗ ಯಾರೋ, "ಬಾಂಬ್ ರೇವಣ್ಣನ್ನ ಕರೀರಿ" ಅಂದರಂತೆ.

ನನಗೆ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ. ಏರ್‌ಫೋರ್ಸಿನಲ್ಲಿ ನಾನು ವಿಮಾನದ ರೆಕ್ಕೆಯಡಿ ಬಾಂಬು ಕಟ್ಟುವವನು, ಬಿಡುವವನಲ್ಲ. ರಜಕ್ಕೆ ಬಂದಾಗ ಅವ್ವ ಕೇಳಿದ್ದು ನಿನಗೂ ನೆನಪಿರಬಹುದು. "ಜನದ ಮ್ಯಾಲೆ ಬಾಂಬು ನೀನೇ ಹಾಕ್ತೀಯೇನೋ ರೇವ?" "ಇಲ್ಲವ್ವ, ಕಟ್ಟಿ ಕಳಿಸ್ತೀನಿ ಅಷ್ಟೆ." "ಹಂಗಾರೆ ನಿನಗೆ ಅರ್ಧ ಪಾಪ" ಅಂದು ರೊಟ್ಟಿ ಬಡಿಯಲು ಕೂತಳು. ಕಟ್ಟಿ ಕಳಿಸಿದ್ದು ಎಲ್ಲಿ ಬಿತ್ತು ಎಂದು ನನಗೆ ಯಾರೂ ಹೇಳಿದವರಿಲ್ಲ. ಒಮ್ಮೆಯಾದರೂ ನಾನೇ ಬಿಟ್ಟು, ಬೀಳುವುದನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಒಳಗೆ ಕೂತಿತ್ತು.

ಓಂಕಾರಪ್ಪನಿಗೆ ತಿಳಿಸಿ ಹೇಳಿದೆ. ಬಾಂಬಿಗೆ ಕಣ್ಣಿಲ್ಲಪ್ಪ, ಬಿಡುವ ಗಳಿಗೆಯಲ್ಲಿ ವಿಮಾನದ ವೇಗ, ಎತ್ತರ, ಮೂತಿಯ ಓರೆ ಹೇಗಿರುತ್ತದೋ ಅದೇ ಅದರ ದಾರಿ. ನೀನು ಗುಂಡಿ ಒತ್ತುವಾಗಲೇ ಮೂತಿ ಮೇಲೆತ್ತುತ್ತೀಯ, ಅದಕ್ಕೇ ಎಲ್ಲೋ ಹೋಗುತ್ತದೆ. ಮೊದಲು ಕೈ ನಿಲ್ಲಿಸು, ಆಮೇಲೆ ಬಿಡು ಅಂದೆ. ಪ್ರತಿ ಸಲ ಒಂದೇ ಎತ್ತರ, ಒಂದೇ ವೇಗದಲ್ಲಿ ಹೋಗಿ, ಎಲ್ಲಿ ಬೀಳುತ್ತದೆ ನೋಡಿ, ಆ ಜಾಗಕ್ಕೆ ಟಿವಿ ಗಾಜಿನ ಮೇಲೆ ಅವರಮ್ಮನ ಸ್ಟಿಕರ್ ಬೊಟ್ಟೊಂದನ್ನು ಅಂಟಿಸಿದೆವು. ಸೇತುವೆ ಬೊಟ್ಟಿನಡಿ ಬಂದಾಗ ಬಿಡಬೇಕು. ಬೆಳಿಗ್ಗೆ ಸರಿಯಾಗಿ ಸೇತುವೆಯ ಹತ್ತಿರ ಬೀಳತೊಡಗಿತು. ಸಂಜೆ ಅದೇ ಎತ್ತರ, ಅದೇ ವೇಗ, ಬಾಂಬು ಸೇತುವೆ ದಾಟಿ ಆಚೆ ಹೋಗುತ್ತಿತ್ತು. ನನ್ನ ಮರ್ಯಾದೆಯೂ ಅದರ ಜೊತೆಗೇ ಹೋಗುತ್ತಿತ್ತು.

ಬಹಳ ದಿನ ತಲೆ ಕೆಡಿಸಿಕೊಂಡೆ. ಒಂದು ಸಂಜೆ ದೂರ ನಿಂತು ನೋಡುವಾಗ ಹೊಳೆಯಿತು. ಸಂಜೆ ಊರೆಲ್ಲ ದೀಪ ಹಾಕಿದರೆ ನಮ್ಮಲ್ಲಿ ಕರೆಂಟು ಸೊರಗುತ್ತದೆ, ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಸುತ್ತ ಕಪ್ಪು ಅಂಚು ಬರುತ್ತದೆ. ಚಿತ್ರ ಕುಗ್ಗಿತು, ಗಾಜಿನ ಮೇಲಿನ ಬೊಟ್ಟು ಮಾತ್ರ ಇದ್ದಲ್ಲೇ ಇತ್ತು. ಸೇತುವೆ ಬೊಟ್ಟಿನಡಿಗೆ ಬರುವಷ್ಟರಲ್ಲಿ ತಡವಾಗಿರುತ್ತಿತ್ತು. ಕರೆಂಟು ಸಮ ಮಾಡುವ ಸ್ಟೆಬಿಲೈಸರ್ ಒಂದನ್ನು ತಂದುಬಿಡು ಎಂದು ಓಂಕಾರಪ್ಪನಿಗೆ ಹೇಳಿದೆ. ಅವನು ದಾವಣಗೆರೆಗೆ ಹೋಗಿ ತಂದ ಮಾರನೇ ದಿನವೇ ನಿನ್ನ ಫೋನು ಬಂದದ್ದು.

ಮೊದಲ ಸಲ ನೀನು ಮಾಡಿದ್ದು ಬೆಳಿಗ್ಗೆ. ನಿಮ್ಮ ಸಾಸ್ವೆಹಳ್ಳಿ ಪೋಸ್ಟಾಫೀಸಿನಿಂದ ಅಂಗಡಿಗೆ ಮಾಡಿದ್ದೆ, ತಿಪ್ಪೇಶಪ್ಪ ಮನೆಗೆ ಹೇಳಿ ಕಳಿಸಿದ. "ಅವ್ವಂಗೆ ಉಸಿರು ಕಟ್ತಾ ಐತಂತೆ, ನಿಮ್ಮನ್ನೇ ಕೇಳ್ತಾಳಂತೆ." ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ ಅನ್ನಿ ಅಂದೆ. ಸಾವಂತ್ರಮ್ಮ ಬ್ಯಾಗು ತುಂಬಿ ಕೊಟ್ಟಳು. ಉಸಿರು ಕಟ್ಟುವುದು ಅವ್ವನಿಗೆ ಹೊಸದಲ್ಲ, ಹಿಂದೆಯೂ ಹೀಗೇ ಓಡಿ ಬಂದು, ಅವಳು ಎದ್ದು ಕೂತು ನನ್ನನ್ನೇ "ಯಾಕೆ ಬಂದೆಯೋ" ಎಂದು ಕೇಳಿದ್ದುಂಟಲ್ಲ. ಬಸ್ಸಿಗೆ ಹೊತ್ತಿದೆ ಎಂದು ಅಂಗಡಿಗೆ ಕಾಲಿಟ್ಟೆ. ಓಂಕಾರಪ್ಪ ಸ್ಟೆಬಿಲೈಸರ್ ಆಗತಾನೆ ಜೋಡಿಸಿದ್ದ. ಒಂದು ಸಲ ನೋಡೇಬಿಡೋಣ ಅಂದೆ. ಮಧ್ಯಾಹ್ನದ ಬಸ್ಸು ಹೋಯಿತು. "ಮಾವ, ಇದೆಲ್ಲೂ ಓಡಿ ಹೋಗಲ್ಲ. ಕೊನೇ ಬಸ್ಸಿಗಾದ್ರೂ ಹೋಗ್ರಿ, ಅಜ್ಜಿ ಕಾಯ್ತಿರ್ತಾರೆ" ಅಂದ ಹುಡುಗ. ಅಂದು, ಯಾರದೋ ಮನೆಯ ಆಂಟೆನಾ ಕಟ್ಟಲು ಹೊರಟ. ನಾನು ಕೂತೇ ಇದ್ದೆ.

ನೀನು ಎರಡನೇ ಸಲ ಫೋನು ಮಾಡಿದ್ದು ಆಗ. ತಿಪ್ಪೇಶಪ್ಪ ಗಲ್ಲಾದಿಂದಲೇ ಕೂಗಿದ, "ರೇವಣ್ಣಾರೆ, ಬಿಟ್ರಾ?" ಸೇತುವೆ ಬೊಟ್ಟಿನಡಿಗೆ ಬರುತ್ತಿತ್ತು. ಆ ಕೋಣೆಯಲ್ಲಿ ದಿನವಿಡೀ ಹೋಗಿ ಬರುವವರೆಲ್ಲ ಕೇಳುತ್ತಿದ್ದುದು ಅದೊಂದೇ ಪ್ರಶ್ನೆ, ಬಿಟ್ರಾ, ಬಿತ್ತಾ ಅಂತ. ನಾನು ಗುಂಡಿ ಒತ್ತಿ, "ಬಿಟ್ಟೆ, ಬಿಟ್ಟೆ" ಅಂದೆ. ಬಾಂಬು ಬಿಟ್ಟೆ ಅಂತ ನಾನು, ಊರು ಬಿಟ್ಟರಂತೆ ಅಂತ ಅವನು. ನಿನಗೆ ತಲುಪಿದ್ದು, "ಬಿಟ್ಟಾರಂತೆ ಕಣಮ್ಮ."

ಆಮೇಲಿನದನ್ನು ನೀನೇ ನನಗೆ ಹೇಳಿದ್ದೀಯ. ರೇವ ಬಿಟ್ಟಾನಂತೆ ಅಂದದ್ದೇ ಅವ್ವ ತನ್ನನ್ನು ಎತ್ತಿ ಬಾಗಿಲಿಗೆ ಒರಗಿಸಿ ಕೂರಿಸಲು ಹೇಳಿದಳು. ನೋಡಲು ಬಂದವರಿಗೆಲ್ಲ, "ಬಿಟ್ಟಾನೆ, ಇನ್ನೇನು ಬರ್ತಾನೆ" ಅಂದಳು. ನೀನು ಚಮಚದಲ್ಲಿ ನೀರು ಹಿಡಿದರೆ ಬಾಯಿ ಮುಚ್ಚಿಕೊಂಡಳು. "ಅತ್ಲಾಗಿಡು. ರೇವ ಬಂದು ಬಿಡ್ತಾನೆ ಬಾಯಿಗೆ ನೀರು." ಕೊನೆ ಬಸ್ಸು ಬಂತು, ಯಾರಾರೋ ಇಳಿದರು, ನಾನು ಇಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವ್ವ ಒಣಗಿದ ಬಾಯಲ್ಲೇ ಜೀವ ಬಿಟ್ಟಳು. ಅವತ್ತು ನಾನಿಲ್ಲ ಅಂತ ಗೊತ್ತಾಗಿದ್ದರೆ ನಿನ್ನ ಕೈಯ ನೀರನ್ನೇ ಕುಡಿಯುತ್ತಿದ್ದಳು. ನಿನ್ನ ಸಿಟ್ಟೆಲ್ಲ ಅದೇ, ನನಗೆ ಗೊತ್ತು.

ಮಾರನೇ ಬೆಳಿಗ್ಗೆ ನಾನು ಬಂದಾಗ ಅಂಗಳದಲ್ಲಿ ಎಲ್ಲರೆದುರು ನೀನು ಕೇಳಿದೆ. "ನಿನ್ನೆನೇ ಬಿಟ್ಟಿ ಅಂತ ತಿಪ್ಪೇಶಪ್ಪ ಹೇಳಿದ್ನಲ್ಲ, ಎಲ್ಲಿದ್ದಿ?" ನಾನು ಬಸ್ಸು ತಪ್ಪಿತು ಅಂದೆ. "ಹಂಗಾರೆ ಅವನು ಯಾಕೆ ಹಂಗಂದ?" ಅಂದಾಗ ತಲೆ ಬಗ್ಗಿಸಿದೆ. ನೀನು ಅದನ್ನು ತಿಪ್ಪೇಶಪ್ಪನ ಸುಳ್ಳು ಎಂದು ತಿಳಿದುಕೊಂಡೆ, ನಾನು ಹಾಗೇ ತಿಳಿಯಲಿ ಎಂದು ಬಿಟ್ಟೆ. ಅವತ್ತಿನಿಂದ ಆ ಮನೆಯವರು ಈ ಹೆಸರು ಹೊತ್ತು ಸುಮ್ಮನಿದ್ದಾರೆ. ಅಂಗಡಿಗೆ ಬಂದ ಯಾರ ಹತ್ತಿರವೂ ನಡೆದದ್ದು ಹೀಗೆ ಅಂತ ಹೇಳಿಲ್ಲ. ನನ್ನ ತಂಗಿಗಾದರೂ ನಾನು ಹೇಳಬೇಕಿತ್ತು, ನನಗೆ ಬಾಯಿ ಬರಲಿಲ್ಲ. ನಾಚಿಕೆ ಆಗುತ್ತದೆ ಭೀಮಿ.

ಆದ್ದರಿಂದ ಜಗಳೂರಿನವರಿಗೆ ಬರಬೇಡಿ ಅಂತ ಹೇಳಿಕಳಿಸು. ಪ್ರೇಮಾಳನ್ನು ಓಂಕಾರಪ್ಪನಿಗೇ ಕೊಡು. ಸುಳ್ಳು ಹೇಳಿದ ಮನೆ ಅದಲ್ಲ. ಅಜ್ಜಿ ಕಾಯ್ತಿರ್ತಾರೆ ಹೋಗ್ರಿ ಅಂದವನು ಅವನೊಬ್ಬನೇ. ಈ ಕಾಗದವನ್ನು ಭಾವನವರಿಗೂ ಓದಿ ಹೇಳು. ಮದುವೆಯಲ್ಲಿ ಸೋದರಮಾವನ ಜಾಗದಲ್ಲಿ ನಾನು ನಿಲ್ಲುವುದು ನಿನಗೆ ಬೇಡವಾದರೆ ಬೇಡ, ಬೇರೆ ಯಾರನ್ನಾದರೂ ನಿಲ್ಲಿಸು. ನಾನು ಹಿಂದೆ ಎಲ್ಲಾದರೂ ಕೂತು ಅಕ್ಕಿಕಾಳು ಹಾಕಿ ಬರುತ್ತೇನೆ.

ಪ್ರೇಮಾಳಿಗೆ ಹೊಟ್ಟೆ ತುಂಬ ಉಣ್ಣಲು ಹೇಳು. ಅವ್ವನ ಫೋಟೋಕ್ಕೆ ನನ್ನ ಹೆಸರಿನಲ್ಲಿ ಒಂದು ಹೂವಿಡು. ನಿಮ್ಮ ಮನೆ ತಣ್ಣಗಿರಲಿ, ಮಕ್ಕಳು ನೂರು ಕಾಲ ಬಾಳಲಿ.

ಇಂತಿ ನಿನ್ನ ಅಣ್ಣ,
ರೇವಣ್ಣ

ಮರೆತ ಮಾತು: ಮರೆತದ್ದಲ್ಲ. ಕವರಿಗೆ ಅಂಟು ಹಚ್ಚಿ ಆಗಿತ್ತು, ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ತಿಪ್ಪೇಶಪ್ಪ ತಪ್ಪು ತಿಳಿದ ಅನ್ನುವುದೊಂದು ಬಿಟ್ಟು. ಗಲ್ಲಾದಿಂದ ಕೂಗಿದ ಮೇಲೆ ತಿಪ್ಪೇಶಪ್ಪ ಫೋನನ್ನು ಮೇಜಿನ ಮೇಲಿಟ್ಟು ಒಳಗೆ ಬಂದ. ಪರದೆ ಸರಿಸಿ ನಿಂತು, "ಬಾಂಬಲ್ಲ ರೇವಣ್ಣಾರೆ. ನಿಮ್ಮ ತಂಗಿ ಕೇಳ್ತಿದಾರೆ, ಊರು ಬಿಟ್ರಾ ಅಂತ. ಏನು ಹೇಳ್ಲಿ?" ಅಂದ. ಅದು ನನಗೆ ಚೆನ್ನಾಗಿ ಅರ್ಥವಾಯಿತು. "ಬಿಟ್ಟೆ ಅಂತ ಹೇಳ್ರಿ" ಅಂದೆ. ಅವನು ಬಾಗಿಲ ಹತ್ತಿರ ಇದ್ದ ನನ್ನ ಬ್ಯಾಗು ನೋಡಿದ, ನನ್ನ ಮುಖ ನೋಡಿದ, ಹೋಗಿ ಹಾಗೇ ಹೇಳಿದ. ಇನ್ನೊಂದು ಬಾಂಬು ಹಾಕಿ ಎದ್ದುಬಿಡೋಣ ಅಂದುಕೊಂಡಿದ್ದೆ. ಅದು ಸೇತುವೆಯ ನಡುಮಧ್ಯಕ್ಕೇ ಬಿತ್ತು ಭೀಮಿ, ಮತ್ತೊಮ್ಮೆ ನೋಡೋಣ ಅನ್ನಿಸಿತು. ಕೊನೆ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರು ಕೂಗುತ್ತಿದ್ದುದು ನಾನು ಕೂತಲ್ಲಿಗೇ ಕೇಳಿಸುತ್ತಿತ್ತು, "ಸಾಸ್ವೆಹಳ್ಳಿ, ಸಾಸ್ವೆಹಳ್ಳಿ, ಬಿಡ್ತಾ ಐತೆ ಬರ್ರಿ."