ಬಾಲಕ್ಕೆ ಕೆಂಪು ಬಳಿದ ಇಲಿ ಯಾರ ವ್ಯಾಪ್ತಿಗೆ ಬರುತ್ತದೆ?

ನಮ್ಮ ಪಟ್ಟಣದ ಆರೋಗ್ಯ ನಿರೀಕ್ಷಕರಿಗೆ,

ಮಾನ್ಯರೇ,

ನಮ್ಮ ಮನೆಗೆ ಇಲಿಗಳು ಎಲ್ಲಿಂದ ಬರುತ್ತಿವೆ ಎಂದು ವಿವರಿಸಿ ನಾನು ನಿಮಗೆ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸೇರಿಸಿ ಒಂದು ಹಿಂಬರಹ ಬಂತು: “ಮನೆಯ ಒಳಭಾಗದಲ್ಲಿ ಕಂಡುಬರುವ ಮೂಷಕಗಳು ಈ ಕಚೇರಿಯ ವ್ಯಾಪ್ತಿಗೆ ಬಾರದ ಕಾರಣ ಅರ್ಜಿಯನ್ನು ವಿಲೇಗೊಳಿಸಲಾಗಿದೆ.” ವಿಲೇ ಆದದ್ದು ಅರ್ಜಿ ಮಾತ್ರ. ಮೂಷಕಗಳು ಆರೋಗ್ಯವಾಗಿವೆ. ತಾವು ಆರೋಗ್ಯ ನಿರೀಕ್ಷಕರಾದ್ದರಿಂದ ಈ ಸುದ್ದಿ ತಮಗೆ ಸಮಾಧಾನ ತರಬಹುದು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ಲೇತಿನಿಂದ ಬಂದ ಪೀಸನ್ನು ಅಳೆಯುವುದು, ಅಳತೆ ತಪ್ಪಿದ್ದರೆ ಅದಕ್ಕೊಂದು ಕೆಂಪು ಬೊಟ್ಟು ಇಟ್ಟು ವಾಪಸ್ ಕಳಿಸುವುದು, ಇಷ್ಟೇ ಕೆಲಸ. ಆ ಲೆಕ್ಕದಲ್ಲಿ ನಾವಿಬ್ಬರೂ ನಿರೀಕ್ಷಕರೇ. ನಾನು ಪೀಸನ್ನು ನೋಡದೆ ಷರಾ ಬರೆಯುತ್ತಿರಲಿಲ್ಲ ಅನ್ನುವುದೊಂದೇ ವ್ಯತ್ಯಾಸ. ನಿವೃತ್ತನಾದ ಮೇಲೆ ಹೊಸೂರು ರಸ್ತೆಯಿಂದ ಎರಡು ತಿರುವು ಒಳಗೆ ಮನೆ ಕಟ್ಟಿಸಿದೆ, ಹಿಂದೆ ಒಂದು ಕೋಣೆ ಹಾಕಿಸಿ ಬಾಡಿಗೆಗೆ ಕೊಟ್ಟೆ.

ಆ ಕೋಣೆಯಲ್ಲಿರುವವಳು ಮಹಾದೇವಿ, ಬನಹಟ್ಟಿ ಕಡೆಯ ನೇಕಾರರ ಮನೆಯ ಹೆಣ್ಣುಮಗಳು. ಗಂಡ ಈಶಪ್ಪ ಅತ್ತಿಬೆಲೆಯ ಫ್ಯಾಕ್ಟರಿಗೆ ಶಿಫ್ಟಿನಲ್ಲಿ ಹೋಗುತ್ತಾನೆ. ಇವಳೂ ಮೊದಲು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಗಳು ಶಾಂಭವಿ ಹುಟ್ಟಿದ ಮೇಲೆ ಆ ಕೆಲಸ ಬಿಟ್ಟು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಶಾಂಭವಿಗೆ ಈಗ ನಾಲ್ಕು ವರ್ಷ. ನನ್ನನ್ನು ಅಜ್ಜ ಅನ್ನುತ್ತಾಳೆ, ನನ್ನ ಕನ್ನಡಕ ಹಾಕಿಕೊಂಡು ನನ್ನ ಪೇಪರನ್ನೇ ತಲೆಕೆಳಗಾಗಿ ಓದುತ್ತಾಳೆ. ಕಳೆದ ತಿಂಗಳು ಮಹಾದೇವಿ ಬಾಗಿಲಲ್ಲಿ ನಿಂತು, “ಅಂಕಲ್, ಗಿರಾಕಿ ಅರಿವಿ ಮತ್ತ ಕಡದಾವ್ರಿ” ಅಂದಳು. ಯಾರದೋ ಮದುವೆಯ ರೇಷ್ಮೆ ಬ್ಲೌಸು, ಬೆನ್ನಿನ ಮೇಲೆ ಅಂಗೈಯಗಲ ತೂತು. ಅದು ನಾಲ್ಕನೆಯದು. ಇಲಿ ಕಡಿಯುವ ಮನೆಗೆ ಯಾರು ಬಟ್ಟೆ ಕೊಡುತ್ತಾರೆ? ಮನೆಯಲ್ಲಿ ಹೊಲಿಗೆ ನಿಂತರೆ ಅವಳು ಮತ್ತೆ ಗಾರ್ಮೆಂಟ್ಸಿಗೆ ಹೋಗಬೇಕು, ಮಗುವನ್ನು ಊರಿನಲ್ಲಿ ಅವಳ ತಾಯಿ ಹೊಳೆವ್ವನ ಹತ್ತಿರ ಬಿಡಬೇಕು. ಇಲಿ ಹೋಗದಿದ್ದರೆ ಮಗು ಹೋಗುತ್ತದೆ. ವಿಷಯ ಇಷ್ಟೇ, ಸ್ವಾಮಿ.

ತಮಗೆ ತೊಂದರೆ ಕೊಡುವ ಮೊದಲು ನಮ್ಮ ಕೈಲಾದದ್ದನ್ನೆಲ್ಲ ಮಾಡಿದ್ದೇವೆ. ಮೊದಲ ತಪ್ಪು ನನ್ನದೇ. “ನಿನ್ನ ಜೋಳದ ರೊಟ್ಟಿ ವಾಸನೆಗೆ ಬರ್ತವಮ್ಮ” ಎಂದು ಮಹಾದೇವಿಗೆ ಬುದ್ಧಿ ಹೇಳಿದೆ. ಪಾಪ, ಊರಿಂದ ತಂದ ಕಟಕ್ ರೊಟ್ಟಿಯನ್ನೆಲ್ಲ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಇಲಿಗಳು ರೊಟ್ಟಿ ಬಿಟ್ಟು ಗಂಜಿ ಹಾಕಿದ ಬಟ್ಟೆಗೆ ಬಂದವು. ನಾನು ಅವಳ ಕ್ಷಮೆ ಕೇಳಿದೆ. ಆಮೇಲೆ ಗೋಡೆಯ ತೂತುಗಳಿಗೆ ಗಾಜಿನ ಚೂರು ಸೇರಿಸಿ ಸಿಮೆಂಟ್ ಮೆತ್ತಿದೆ, ಬಚ್ಚಲ ಕಿಂಡಿಗೆ ಜಾಲರಿ ಹೊಡೆಸಿದೆ, ಬಾಗಿಲ ಕೆಳಗೆ ತಗಡಿನ ಪಟ್ಟಿ ಹಾಕಿಸಿದೆ. ಅಂಟಿನ ಹಲಗೆ ಇಟ್ಟೆ. ಅದಕ್ಕೆ ಸಿಕ್ಕಿದ್ದು ನನ್ನ ಎಡಗಾಲಿನ ಚಪ್ಪಲಿ. ಪಾಷಾಣ ಇಡಲಿಲ್ಲ, ನೆಲದ ಮೇಲೆ ಆಡುವ ಮಗು ಇರುವ ಮನೆ. ಎಲ್ಲ ಮುಚ್ಚಿದರೂ ಎರಡು ದಿನಕ್ಕೊಂದು ಹೊಸ ತೂತು ಬೀಳುತ್ತದೆ. ಇಷ್ಟು ಶ್ರದ್ಧೆಯ ಕೆಲಸಗಾರರನ್ನು ನಾನು ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

ಈ ಶ್ರದ್ಧೆಗೆ ಊಟ ಎಲ್ಲಿಂದ? ನಮ್ಮ ಹಿಂಗೋಡೆಯಾಚೆ ಒಂದು ಖಾಲಿ ಸೈಟಿದೆ. ದಿನಾ ಬೆಳಿಗ್ಗೆ ತಮ್ಮ ಕಚೇರಿಯ ಕಸದ ಆಟೋಗಳು ಅಲ್ಲಿಗೆ ಬಂದು, ತಂದ ಕಸವನ್ನು ದೊಡ್ಡ ಲಾರಿಗೆ ತುಂಬುತ್ತವೆ. ತುಂಬುವಾಗ ಚೆಲ್ಲಿದ ಅನ್ನ, ಚಿತ್ರಾನ್ನ, ಹೋಟೆಲಿನ ಇಡ್ಲಿ ಅಲ್ಲೇ ಉಳಿಯುತ್ತವೆ. ಪಕ್ಕದಲ್ಲೇ ಚರಂಡಿ, ಅದರ ಮೇಲಿನ ಕಲ್ಲುಚಪ್ಪಡಿ ಎತ್ತಿ ಎರಡು ವರ್ಷವಾಯಿತು, ಇನ್ನೂ ವಾಪಸ್ ಹಾಕಿಲ್ಲ. ಅಂದರೆ ಊಟ, ವಸತಿ ಎರಡೂ ತಮ್ಮ ಕಚೇರಿಯದ್ದು. ಕಡಿಯುವುದಕ್ಕೆ ಮಾತ್ರ ನಮ್ಮ ಮನೆಗೆ ಬರುತ್ತವೆ.

ಹೀಗೆ ಬರೆದದ್ದಕ್ಕೇ ತಾವು ‘ಒಳಭಾಗದ ಮೂಷಕ’ ಎಂದು ಉತ್ತರ ಕೊಟ್ಟಿರಿ. ಒಳಗಿನ ಇಲಿ ಬೇರೆ, ಹೊರಗಿನ ಇಲಿ ಬೇರೆ ಎಂಬುದು ನನಗೆ ಹೊಸ ವಿಷಯ. ಪರೀಕ್ಷೆ ಮಾಡಿಯೇಬಿಡೋಣ ಅಂದುಕೊಂಡೆ. ಚಂದಾಪುರದಿಂದ ತಂತಿ ಬೋನು ತಂದು, ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಮಹಾದೇವಿಯ ಮಿಷನ್ ಕೆಳಗೆ ಇಟ್ಟೆ. ಬೆಳಿಗ್ಗೆ ಒಂದು ಬಿದ್ದಿತ್ತು, ಬಾಲ ತಂತಿಯ ಸಂದಿಯಿಂದ ಹೊರಗೆ. ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟು ತಂದು ಬಾಲದ ತುದಿಗೆ ಹಚ್ಚಿದೆ. ನನ್ನ ಹೆಂಡತಿ ವೆಂಕಟಲಕ್ಷ್ಮಿ ಕಾಫಿ ಲೋಟ ಹಿಡಿದು ನೋಡುತ್ತಿದ್ದಳು. “ಮೂವತ್ನಾಲ್ಕ್ ವರ್ಷ ಕಬ್ಬಿಣಕ್ಕೆ ಹಚ್ಚಿದ್ದು ಸಾಕಾಗ್ಲಿಲ್ವಾ? ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು?” ಅಂದಳು. ಶಾಂಭವಿ ಮಾತ್ರ ಇನ್ನೊಂದು ಇಲಿಗೆ ಹಸಿರು ಹಚ್ಚಲು ಹೇಳಿದಳು.

ಬೋನನ್ನು ಖಾಲಿ ಸೈಟಿಗೆ ಒಯ್ದು ಚರಂಡಿಯ ಪಕ್ಕ ಬಾಗಿಲು ತೆರೆದೆ. ತಮ್ಮ ಕಸದ ಆಟೋ ಓಡಿಸುವ ಮುನಿಯಣ್ಣನೇ ಸಾಕ್ಷಿ. “ಬಿಡಿ ಸಾರ್, ಇಲ್ಲಿ ಸಾವಿರ ಇದಾವೆ. ಒಂದ್ ಜಾಸ್ತಿ ಆದ್ರೆ ಏನಾಯ್ತು?” ಎಂದು ನಕ್ಕ. ಇಲಿ ಚರಂಡಿಗೆ ಇಳಿಯಿತು. ಆ ಕ್ಷಣ ಅದು ನಿಸ್ಸಂಶಯವಾಗಿ ತಮ್ಮ ವ್ಯಾಪ್ತಿಯಲ್ಲಿತ್ತು. ಮೂರನೆಯ ಬೆಳಿಗ್ಗೆ ಅದೇ ಮಿಷನ್ ಕೆಳಗೆ, ಅದೇ ಬೋನಿನಲ್ಲಿ, ಅದೇ ಕೆಂಪು ಬಾಲ. ರಜೆ ಮುಗಿಸಿ ಡ್ಯೂಟಿಗೆ ಬಂದವರ ಹಾಗೆ ಕೂತಿತ್ತು. ಫೋಟೋ ತೆಗೆದಿದ್ದೇನೆ, ಲಗತ್ತಿಸಿದೆ. ಈಗ ತಾವೇ ಹೇಳಿ, ಇದು ಒಳಭಾಗದ್ದೋ ಹೊರಭಾಗದ್ದೋ? ಅಥವಾ ಹೊಸಿಲು ದಾಟುವಾಗ ಅದರ ಕೈಯಲ್ಲಿ ಯಾವುದಾದರೂ ಅರ್ಜಿ ಬರೆಸಿಕೊಳ್ಳಬೇಕಿತ್ತೋ?

ಅರ್ಜಿ ಅಂದಾಗ ಇನ್ನೊಂದು ನೆನಪಾಯಿತು. ಮಹಾದೇವಿಯ ಊರ ಕಡೆ ಗಣೇಶನ ಹಬ್ಬದ ಮಾರನೆಯ ದಿನ ಇಲಿವಾರ. ಆ ದಿನ ಅವರ ಮನೆಯಲ್ಲಿ ಮಗ್ಗ ನಡೆಸುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಇಲಿಗೆಂದು ಕಡುಬು ಇಟ್ಟು, ಅರಿವಿ ಕಡಿಯಬೇಡಪ್ಪ ಎಂದು ಕೈ ಮುಗಿಯುತ್ತಾರೆ. ಹೋದ ವರ್ಷ ಇಲ್ಲೂ ಹೊಲಿಗೆ ಮಿಷನ್ ಮೇಲೆ ಎರಡು ಕಡುಬು ಇಟ್ಟಳು. ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಆದರೆ ಸುಳ್ಳು ಹೇಳಬಾರದು, ಎಂಟು ದಿನ ಒಂದು ದಾರವೂ ಹರಿಯಲಿಲ್ಲ. ಹೊಟ್ಟೆ ತುಂಬಿತ್ತೋ ಏನೋ, ನನಗೆ ಗೊತ್ತಿಲ್ಲ. ಅವಳ ಮನವಿಗೆ ಎಂಟು ದಿನದ ಪರಿಹಾರ ಸಿಕ್ಕಿತು. ನನ್ನ ಮೂರು ಅರ್ಜಿಗೆ ಒಂದು ದಿನದ್ದೂ ಸಿಕ್ಕಿಲ್ಲ. ಹಾಗಾಗಿ ಈ ಮನೆಯಲ್ಲಿ ಸದ್ಯಕ್ಕೆ ತಮಗಿಂತ ಇಲಿಯ ಮೇಲೆ ನಂಬಿಕೆ ಜಾಸ್ತಿ. ಅದು ಕರೆದರೂ ಕರೆಯದಿದ್ದರೂ ಬರುತ್ತದಲ್ಲ.

ಹಬ್ಬಕ್ಕೆ ಇನ್ನು ಹತ್ತೊಂಬತ್ತು ದಿನ. ಹೊಳೆವ್ವ ಆಗ ಬರುತ್ತಾರೆ. ಇಲಿವಾರ ಮುಗಿಸಿ ಹೊರಡುವಾಗ ಮೊಮ್ಮಗಳನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿದೆ. ಅದಕ್ಕೆ ಮುಂಚೆ ತಾವು ಕಸ ತುಂಬುವ ಜಾಗವನ್ನು ಮನೆಗಳಿಂದ ದೂರಕ್ಕೆ ಸಾಗಿಸಬೇಕು, ಸೈಟನ್ನು ಗುಡಿಸಿ ಶುಚಿ ಮಾಡಿಸಬೇಕು, ಚರಂಡಿಗೆ ಚಪ್ಪಡಿ ಹಾಕಿಸಬೇಕು. ಊಟ ನಿಲ್ಲಲಿ, ಉಳಿದದ್ದನ್ನು ನನ್ನ ಬೋನು, ಸಿಮೆಂಟು ನೋಡಿಕೊಳ್ಳುತ್ತವೆ. ಒಮ್ಮೆ ತಾವೇ ಬಂದು ನೋಡಿ. ಕಾಫಿ ಕೊಡುತ್ತೇವೆ. ಹಬ್ಬಕ್ಕೆ ಬಂದರೆ ಕಡುಬೂ ಇದೆ, ಆದರೆ ಅಷ್ಟು ತಡ ಮಾಡಬೇಡಿ.

ಮಹಾದೇವಿ ನಿನ್ನೆ ಮಗುವಿನ ಬಟ್ಟೆಯನ್ನೆಲ್ಲ ಮಡಚಿ ಒಂದು ಚೀಲಕ್ಕೆ ತುಂಬಿದ್ದಾಳೆ. ಅದನ್ನೂ ಕಡಿಯದಿರಲಿ ಎಂದು ಹಗ್ಗ ಕಟ್ಟಿ ಮೇಲಿಂದ ತೂಗುಹಾಕಿದ್ದಾಳೆ. ಅದನ್ನು ನೋಡಿಕೊಂಡು ಶಾಂಭವಿ ನನ್ನ ಹತ್ತಿರ ಬಂದು, “ಅಜ್ಜ, ಇಲಿ ಇಲ್ಲೇ ಇರ್ತಾವಂತ. ನಾನ್ಯಾಕ ಊರಿಗೆ ಹೋಗ್ಬೇಕು?” ಎಂದು ಕೇಳಿದಳು. ನನ್ನ ಕನ್ನಡಕ ತೆಗೆದು ಅವಳ ಮೂಗಿನ ಮೇಲೆ ಇಟ್ಟೆ. ಆಮೇಲೆ ತಮ್ಮ ಹಿಂಬರಹ ನೆನಪಾಯಿತು. ಅವಳ ಪ್ರಶ್ನೆ ನನ್ನ ವ್ಯಾಪ್ತಿಗೆ ಬರುವುದಿಲ್ಲ, ಮಾನ್ಯರೇ. ತಮ್ಮ ವ್ಯಾಪ್ತಿಗೆ ಬರುತ್ತದೆ. ಬಂದು ತಾವೇ ಅವಳಿಗೆ ಹೇಳಿ.

ಇಂತಿ,
ಒಂದೇ ಇಲಿಯನ್ನು ಎರಡು ಸಲ ಹಿಡಿದ,
ಎಡಗಾಲಿನ ಚಪ್ಪಲಿ ಕಳೆದುಕೊಂಡ,
ಉಪೇಂದ್ರ
ನಿವೃತ್ತ ನಿರೀಕ್ಷಕ