ನೀನು ತೋರಿಸಿದ ಚಕಮಕಿ ಕಲ್ಲು

ಅಪ್ಪಾ,

ಸಂಜೆ ಐದೂವರೆ. ಬೆಳಿಗ್ಗೆ ರಾಗಿ ಬೀಸಿದೆ, ಮಧ್ಯಾಹ್ನ ವೈದ್ಯನಾಥಪುರದ ಹೊಳೆಗೆ ಹೋಗಿ ಬಂದೆ. ಸೀರೆಯ ಅಂಚು ಇನ್ನೂ ಒದ್ದೆ. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ನೀನು ಕಣ್ಣು ಮುಚ್ಚಿದ ಮೇಲೆ ಮನೆಯಲ್ಲಿ ಮೊದಲು ಕಷ್ಟವಾದದ್ದು ಬೆಂಕಿಗೆ. ಯುದ್ಧದಿಂದಾಗಿ ಅಂಗಡಿಯಲ್ಲಿ ಬೆಂಕಿಪೊಟ್ಟಣವಿಲ್ಲ. ನೀನು ಬಿಟ್ಟುಹೋದ ಚಕಮಕಿ ಕಲ್ಲು ಬಡಿದು ಬಡಿದು ಗುಂಡಗಾಯಿತು, ಕಿಡಿ ಹಾರುವುದಿಲ್ಲ. ಬೂದಿಯಲ್ಲಿ ಮುಚ್ಚಿಟ್ಟ ಕೆಂಡ ಬೆಳಗಾಗುವಷ್ಟರಲ್ಲಿ ಆರಿರುತ್ತದೆ. ಮೊದಲ ನಾಲ್ಕು ದಿನ ಪಕ್ಕದ ಮನೆಯ ನಂಜಮ್ಮನ ಹತ್ತಿರ ಕೆಂಡ ತರುತ್ತಿದ್ದೆ. ಕಳೆದ ಶುಕ್ರವಾರ ಮಾತ್ರ ಬರಿಗೈಯಲ್ಲಿ ಬಂದೆ.

"ಸುಕ್ರವಾರ ಮನೆ ಬೆಂಕಿ ಆಚೆ ಕೊಡಕಿಲ್ಲ ಕಣಮ್ಮ. ನಿಮ್ಮಪ್ಪನ್ ಇಂದೆ ಅಷ್ಟು ದಿನ ಒಳೇಲಿ ತಿರುಗ್ದಲ್ಲ, ಒಂದು ಕಲ್ಲು ಗುರ್ತಾಗಕಿಲ್ವ ನಿಂಗೆ?" ಅಂದಳು.

ಅವತ್ತು ನಮ್ಮ ಒಲೆ ಉರಿಯಲಿಲ್ಲ. ಅವ್ವ ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿಕೊಂಡು ಉಂಡಳು.

ಮಾರನೆಯ ದಿನವೇ ಹೊಳೆಗೆ ಹೋಗಿ ಮಡಿಲು ತುಂಬ ಬೆಳ್ಳನೆಯ ಕಲ್ಲು ತಂದೆ. ಬಡಿದರೆ ಎಲ್ಲವೂ ಸಕ್ಕರೆಯಂತೆ ಉದುರಿದವು. ಆಮೇಲೆ ನೀನು ನಕ್ಕದ್ದು ನೆನಪಾಯಿತು. "ಬಣ್ಣಕ್ಕೆ ಬೀಳ್ಬ್ಯಾಡ ಕಣವ್ವ. ಬೆಳ್ಳಗೆ ಒಳೆಯೋದೆಲ್ಲ ಬೆಣಚುಕಲ್ಲು. ನಮ್ದು ಮೈತೊಳೀದೆ ಕೂತಿರ್ತದೆ, ನಿನ್ನಂಗೆ."

ಇವತ್ತು ನೀರು ಮೊಣಕಾಲಿಗಿತ್ತು. ಬಿಸಿಲು ಮರಳಿನ ಮೇಲೆ ಹಾಲು ಚೆಲ್ಲಿದಂತೆ ಹರಡಿತ್ತು. ನೀನು ನಾಲ್ಕು ಹೆಜ್ಜೆ ಮುಂದೆ, ಬಗ್ಗಿಕೊಂಡು, ಹಿಂದಕ್ಕೆ ನೋಡದೆ ಹೋಗುತ್ತಿದ್ದ ಹಾಗಿತ್ತು. ನಾನೂ ಕರೆಯಲಿಲ್ಲ. ಕರೆದರೆ ನೀನು ಇರುತ್ತಿದ್ದೆಯಾ?

ಹೊಳೆ ತಿರುಗುವಲ್ಲಿ, ಗರಸಿನ ದಿಬ್ಬದ ಮೇಲೆ ಅದು ಬಿದ್ದಿತ್ತು. ಹೊರಗೆ ಸುಣ್ಣ ಹಚ್ಚಿದಂಥ ಒರಟು ಸಿಪ್ಪೆ. ಇನ್ನೊಂದು ಕಲ್ಲಿನಿಂದ ಒಡೆದೆ. ಕಪ್ಪೆಚಿಪ್ಪಿನ ಹಾಗೆ ಬಾಗಿ ಸೀಳಿತು. ಒಳಗೆ ಜೇನುಮೇಣದ ಬಣ್ಣ. ಚೂರನ್ನು ಬಿಸಿಲಿಗೆ ಹಿಡಿದರೆ ತೆಳು ಅಂಚಿನಲ್ಲಿ ಉಗುರಿನೊಳಗಿನಂತೆ ಬೆಳಕು. ಕುಡುಗೋಲಿನಿಂದ ಗೀರಿದೆ. ಕಲ್ಲಿಗೆ ಗಾಯವಾಗಲಿಲ್ಲ, ಕಬ್ಬಿಣವೇ ಸವೆದು ಬೂದು ಗೆರೆ ಬಿಟ್ಟಿತು. ನೀರಡಿಯ ಕೆಸರು ಎಷ್ಟೋ ಕಾಲ ಕೂತು ಇಂಥ ಕಲ್ಲಾಗುತ್ತದೆ ಎಂದು ರಸ್ತೆಯ ಓವರ್‌ಸಿಯರ್ ನಿನಗೆ ಹೇಳಿದ್ದರಂತೆ. ನೀರಲ್ಲಿ ಹುಟ್ಟಿದ್ದರೊಳಗೆ ಬೆಂಕಿ ಹೇಗೆ ಸೇರಿತೋ, ಅದನ್ನು ನೀನು ಕೇಳಿದ್ದೆಯೋ ಇಲ್ಲವೋ...

ಮನೆಗೆ ಬಂದು ಉಕ್ಕಿನ ತುಂಡಿನಿಂದ ಬಡಿದೆ. ಮೂರನೆಯ ಏಟಿಗೆ ಕಿಡಿ ಅರಳೆಗೆ ಹತ್ತಿತು. ಅವ್ವ ಕಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ನಿಮ್ಮಪ್ಪ ತಂದು ಮಡಗಿದ್ದುದ?"

"ಇಲ್ಲ ಕಣವ್ವ. ನಾನೇ ಉಡುಕ್ದೆ."

ಅವಳು ಕಲ್ಲನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು. ಆಮೇಲೆ ಒಳಗೆ ಹೋಗಿ ನಾಳೆಯ ಸಾರಿಗೆ ಹುರುಳಿ ನೆನೆಹಾಕಿದಳು.

ನಾಳೆ ಶುಕ್ರವಾರ.